ಹನ್ನೆರಡನೇ ಪುಟ

ಪದ್ದಮ್ಮ ಪೆನ್ನನ್ನು ಮೊಮ್ಮಗಳ ಕೈಗೇ ವಾಪಸು ಕೊಟ್ಟಳು. "ನಾ ಇದಕ್ಕೆ ರುಜು ಹಾಕುದಿಲ್ಲ ಹೆಣೆ."

ರಮಿತಾ ಬ್ಯಾಗು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಹೊರಟು ನಿಂತಿದ್ದಳು. ಕಿರಿಮಂಜೇಶ್ವರದಲ್ಲಿ ಹತ್ತು ಗಂಟೆಯ ಬಸ್ಸು ಹಿಡಿದರೆ ಸಂಜೆಯೊಳಗೆ ಹಾಸ್ಟೆಲು, ನಾಳೆಯಿಂದ ಎಂ.ಎ. ಇತಿಹಾಸದ ಮೂರನೇ ಸೆಮಿಸ್ಟರು ಶುರು. ರಜೆಯಲ್ಲಿ ಹಿರಿಯರೊಬ್ಬರ ಬಾಯಿಂದ ಊರಿನ ಘಟನೆಯೊಂದನ್ನು ಕೇಳಿ ಬರೆದು ತರಬೇಕು, ಹೇಳಿದವರು ಕೊನೆಯಲ್ಲಿ 'ಇದು ನಾನು ಹೇಳಿದ್ದು, ನಿಜ' ಎಂದು ರುಜು ಹಾಕಬೇಕು, ಇಲ್ಲದಿದ್ದರೆ ಪ್ರಬಂಧವನ್ನು ಮುಟ್ಟುವುದೂ ಇಲ್ಲ ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ಬರೆದದ್ದಾಗಿತ್ತು, ಟೈಪೂ ಆಗಿತ್ತು. ರುಜು ಎರಡು ನಿಮಿಷದ ಕೆಲಸವೆಂದು ಹೊರಡುವ ಗಳಿಗೆಗೆ ಉಳಿಸಿಕೊಂಡದ್ದೇ ಎಡವಟ್ಟಾಯಿತು.

"ಎಂತಕೆ ಅಮ್ಮಮ್ಮ? ನೀನೇ ಹೇಳದ್ದ್ ಅಲ್ದಾ? ಫೋನಂಗೆ ರೆಕಾರ್ಡ್ ಆದ ನಿನ್ನ ಸ್ವರವೇ ಇತ್ತ್ ಕಾಣ್."

"ಹೇಳದ್ದ್ ಹೌದ್. ಹೇಳುದ್ ಬೇರೆ, ರುಜು ಹಾಕುದ್ ಬೇರೆ." ಪದ್ದಮ್ಮ ಮತ್ತೆ ಕತ್ತಿ ಹಿಡಿದು ಬುಟ್ಟಿಯಲ್ಲಿದ್ದ ಭೂತಾಯಿ ಮೀನಿನ ಹುರುಪೆ ತೆಗೆಯತೊಡಗಿದಳು.

ಅವಳು ಹೇಳಿದ್ದು ಸಾಮಾನ್ಯ ಕಥೆಯಲ್ಲ. ನಲವತ್ತೇಳು ವರ್ಷದ ಹಿಂದೆ, ಮಳೆಗಾಲ ಇನ್ನೂ ಮುಗಿಯದ ಸೋಣೆ ತಿಂಗಳಲ್ಲಿ, ದಡಕ್ಕೆ ಕೂಗಳತೆಯಲ್ಲೇ ಒಂದು ದೋಣಿ ಮಗುಚಿತ್ತು. ಅದರಲ್ಲಿದ್ದವರನ್ನು ತರಲು ಎಂಟು ಮಂದಿ ಇನ್ನೊಂದು ದೋಣಿಯಲ್ಲಿ ಹೋದರು. ಅದನ್ನೂ ತೆರೆ ಬುಡಮೇಲು ಮಾಡಿತು. ಆಗ ಪದ್ದಮ್ಮ ಕುತ್ತಿಗೆಮಟ್ಟದ ನೀರಿಗಿಳಿದು, ಹಗ್ಗ ಎಸೆದು ಒಬ್ಬೊಬ್ಬರನ್ನೇ ಎಳೆದಳು. ಕೊನೆಯವನು ಗುಡ್ಡ, ಮದುವೆಯಾಗಿ ಮೂರು ತಿಂಗಳಾಗಿದ್ದ ಹುಡುಗ. ಅವನ ಕೈ ಮಾತ್ರ ಅವಳ ಕೈಯಿಂದ ಜಾರಿಹೋಯಿತು. ಗುಡ್ಡನ ಹೆಂಡತಿ ಮೋಹಿನಿ ಈಗಲೂ ಮೂರು ಮನೆ ಆಚೆ ಇದ್ದಾಳೆ. ಅವಳೂ ಪದ್ದಮ್ಮನೂ ಒಟ್ಟಿಗೆ ಬೈಂದೂರು ಪೇಟೆಗೆ ಮೀನು ಹೊತ್ತು ಮುದುಕಿಯರಾದವರು.

ಕಳಿಸಿದ್ದ ಕರಡನ್ನು ಓದಿದ ಮೇಷ್ಟ್ರು ಫೋನು ಮಾಡಿ, "ಆ ಕೈ ಜಾರುವ ಹನ್ನೆರಡನೇ ಪುಟ ಓದಿ ಕಣ್ಣು ಒದ್ದೆಯಾಯಿತಮ್ಮ, ವಿಚಾರ ಸಂಕಿರಣದಲ್ಲಿ ನೀನೇ ಇದನ್ನು ಓದಬೇಕು" ಎಂದಿದ್ದರು. ಅಂದಿನಿಂದ ರಮಿತಾಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಊರಿನಲ್ಲಿ ಇನ್ನೊಬ್ಬರನ್ನು ಕೇಳಿ ನೋಡುವ ಗೋಜಿಗೂ ಅವಳು ಹೋಗಿರಲಿಲ್ಲ. ಅಮ್ಮಮ್ಮ ಸುಳ್ಳು ಹೇಳುವುದುಂಟೇ?

"ಸ್ವಲ್ಪ ಹೆಚ್ಚು ಕಮ್ಮಿ ಎಲ್ಲರ ಪ್ರಬಂಧದಂಗೂ ಇರತ್ತ್. ಯಾರ್ ಬಂದ್ ಕಾಂತ್ರ್? ಸುಮ್ನೆ ಹಾಕ್ ಅಮ್ಮಮ್ಮ, ಬಸ್ ಹೋತ್ತ್." ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಆಡಿದ ಮೇಲೆ ಇತಿಹಾಸದ ವಿದ್ಯಾರ್ಥಿನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

ಪದ್ದಮ್ಮ ಕತ್ತಿ ಕೆಳಗಿಟ್ಟಳು. "ನಾ ಅಲ್ಲಿ ಇರ್ಲೇ ಇಲ್ಲ."

"ಎಲ್ಲಿ?"

"ಕಡ್ಲ್ ಬದಿಯಂಗೆ. ನಾ ಮನಿಯಂಗಿದ್ದಿದ್ದೆ. ನಿಮ್ಮಜ್ಜಯ್ಯನೂ."

ಅಜ್ಜಯ್ಯ ಕರಿಯನಿಗೆ ಆ ದಿನ ಜ್ವರವಿತ್ತು, ಅವನ ಬದಲಿಗೆ ಗುಡ್ಡ ಹೋದ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ರಮಿತಾ ಅದನ್ನು ಅಡಿಟಿಪ್ಪಣಿಯಲ್ಲಿ ಹಾಕಿದ್ದಳು.

"ಜ್ವರವೂ ಇಲ್ಲ, ಎಂತದೂ ಇಲ್ಲ. ಮನಿಕಂಡಿದ್ದಿದ್ರ್. ದೋಣಿಗೆ ಕರೂಕೆ ಬಂದವ್ರಿಗೆ ಜ್ವರ ಅಂದೇಳಿ ನಾನೇ ಹೇಳ್ದೆ. ಗಲಾಟಿ ಕೇಂಡ್ ಎದ್ದ್ ಬತ್ರ್ ಅಂದೇಳಿ ಹೊರ್ಗಿಂದ ಚಿಲ್ಕ ಹಾಕಿ, ಬಾಗ್ಲಿಗೆ ಬೆನ್ ಕೊಟ್ಟ್ ಕೂಕಂಡೆ. ಎದ್ದ್ ಬಂದ್ ಒಳ್ಗಿಂದ ಬಡ್ದ್ರ್. ನಾ ಏಳ್ಲಿಲ್ಲ."

"ಗುಡ್ಡನ ಕೈ ಹಿಡ್ದದ್ದ್?"

"ಎಲ್ಲಿ ಹಿಡ್ದೆ? ಹಿಡ್ದಾಂಗೆ ಕನಸ್ ಬೀಳತ್ತ್. ಅದನ್ನೇ ಹೇಳ್ದೆ. ನೀ ಬಾಯಿ ಬಿಟ್ಕಂಡ್ ಕೇಂತಾ ಕೂಕಂಡಿದ್ದೆ, ನಂಗೂ ನಿಜವೇ ಅನ್ಸ್ತ್."

ಹೆದ್ದಾರಿಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಅದು ಹತ್ತು ಗಂಟೆಯದ್ದೋ ಬೇರೆಯದೋ ನೋಡುವ ಮನಸ್ಸೂ ರಮಿತಾಳಿಗಿರಲಿಲ್ಲ. ಸಂಕಿರಣ ಕೈತಪ್ಪಿತೆಂದು ಅಳು ಬರುವಂತಾಯಿತು, ಅಮ್ಮಮ್ಮನ ಮೇಲೆ ಸಿಟ್ಟೂ ಬಂತು. ಇಷ್ಟು ವರ್ಷ ತನ್ನ ತಲೆ ಬಾಚಿದ ಕೈ ಚಿಲಕ ಹಾಕಿದ್ದೂ ಹೌದು ಎನ್ನುವುದನ್ನು ಒಪ್ಪಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಿತು.

"ಈಗ ಹೇಳದ್ದನ್ನ ಬರಿ," ಎಂದಳು ಪದ್ದಮ್ಮ. "ಅದಕ್ಕೆ ಹಾಕ್ತೆ."

ರಮಿತಾ ಚಪ್ಪಲಿ ಕಳಚಿ ಕುಳಿತಳು. ಹನ್ನೆರಡನೇ ಪುಟಕ್ಕೆ ಅಡ್ಡಗೀಟು ಎಳೆದು, ಅದರ ಬೆನ್ನಿಗೆ ಕೈಯಿಂದಲೇ ಎಂಟು ಸಾಲು ಬರೆದು ಓದಿದಳು: "ಗಾಬರಿಯಲ್ಲಿ ನಾನು ಹೊರಗಿನಿಂದ ಚಿಲಕ ಹಾಕಿದೆ..."

"ತಡಿ. ಗಾಬ್ರಿ ಅಂದೇಳಿ ನಾ ಹೇಳದ್ನಾ?"

"ಇಲ್ಲ. ನಾನೇ ಹಾಕದ್ದ್."

"ತೆಗಿ ಅದನ್ನ. ಎಂಟ್ ಜನ ಇಲ್ದೆ ದೋಣಿ ಹೋಪ್ದಿಲ್ಲ. ನನ್ನ ಗಂಡ ಹೋಗ್ದಿರೆ ಮತ್ತೊಬ್ಳ ಗಂಡ ಹೋತ. ಅದ್ ನಂಗೆ ಗೊತ್ತಿದ್ದಿತ್. ಗೊತ್ತಿದ್ದೇ ಹಾಕ್ದೆ."

ರಮಿತಾ ಆ ಶಬ್ದ ಹೊಡೆದುಹಾಕಿ, ಮೇಲೆ 'ಗೊತ್ತಿದ್ದೇ' ಎಂದು ಬರೆದಳು. ಪದ್ದಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದಳು.

"ಬಸ್ಸಿಗೆ ಹೋಪತಿಗೆ ಮೋಹಿನಿ ಮನಿಗೆ ಹೊಕ್ಕ್ ಇದನ್ನ ಓದಿ ಹೇಳಿ ಹೋಗ್."

"ನೀ ಬತ್ತಿಲ್ಯಾ?"

"ನಂಗೆ ಆಪ್ದಿಲ್ಲ." ಪದ್ದಮ್ಮ ಮೀನಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ದೊಡ್ಡಕ್ಕೆ ಓದ್ ಹೆಣೆ. ಅವ್ಳಿಗೆ ಕೆಮಿ ಸಮಾ ಕೇಂತಿಲ್ಲ."