ಕಡು ಹಸಿರು

ಉಪಗ್ರಹದ ಚಿತ್ರದಲ್ಲಿ ಹಸಿರು ಎಲ್ಲಿ ದಟ್ಟವೋ ಅಲ್ಲಿ ಬಗೆಬಗೆಯ ಹಕ್ಕಿಗಳೂ ಹೆಚ್ಚು ಎಂದು ಲೆಕ್ಕ ಹಾಕಿ ವಾರಿಜಾ ನಕ್ಷೆ ಮಾಡಿಕೊಟ್ಟಿದ್ದಳು. ಅದನ್ನು ನಂಬಿ, ಹೊಸ ಕಾರ್ಖಾನೆಗೆ ಜಾಗ ಗೊತ್ತುಮಾಡುವ ಸಮಿತಿಯವರು ಕಡು ಹಸಿರಿನ ಕಾಡನ್ನು ಉಳಿಸಿ, ಪಕ್ಕದ ಮಾಸಲು ಬಣ್ಣದ ಕುರುಚಲು ಕಾಡನ್ನು ಕಾರ್ಖಾನೆಗೆ ಬಿಟ್ಟುಕೊಟ್ಟಿದ್ದರು. ಇನ್ನು ಉಳಿದದ್ದು ಕಡು ಹಸಿರಿನೊಳಗೆ ಕೂತು ಹಕ್ಕಿ ಎಣಿಸಿ ಬರುವ ಶಾಸ್ತ್ರವಷ್ಟೇ.

ವಾರಿಜಾ, ಅವಳ ವಿದ್ಯಾರ್ಥಿನಿ ನಫೀಸಾ ಇಬ್ಬರೂ ಬೆಳಗಿನಿಂದ ಅಲ್ಲಿ ಕೂತೇ ಇದ್ದರು. ಸುತ್ತಲೂ ಸಾಲುಸಾಲಾಗಿ ನೆಟ್ಟ ಅಕೇಶಿಯಾ ಮರಗಳೇ, ಬೇರೆ ಜಾತಿಯ ಒಂದು ಗಿಡವೂ ಇಲ್ಲ. ಬೈನಾಕ್ಯುಲರ್ ಮಡಿಲಲ್ಲೇ ಇತ್ತು.

"ಒಂದು ಕಾಗೆ ಕೂಡ ಕೂಗಲಿಲ್ವಲ್ಲ ಮೇಡಂ," ಎಂದಳು ನಫೀಸಾ.

"ಹಸಿರೇನೋ ಇದೆ," ಎಂದಳು ವಾರಿಜಾ. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು.

"ಆ ಕುರುಚಲು ಕಾಡನ್ನ ನಾವು ಒಮ್ಮೆನೂ ಹೋಗಿ ನೋಡ್ಲೇ ಇಲ್ಲ, ಅಲ್ವಾ?"

ವಾರಿಜಾ ಕಾರ್ಖಾನೆಯ ಮ್ಯಾನೇಜರಿಗೆ ಫೋನ್ ಮಾಡಿದಳು.

"ಕುರುಚಲು ಕಾಡಿನ ಕೆಲಸ ಸ್ವಲ್ಪ ದಿನ ತಡೀತೀರಾ ಸಾರ್?"

"ಬೆಳಗ್ಗೆನೇ ಜೆಸಿಬಿ ಇಳಿಸಿಬಿಟ್ವಲ್ಲ ಮೇಡಂ! ಏನೂ ತೊಂದ್ರೆ ಇಲ್ಲ, ಹಕ್ಕಿಗಳದ್ದೇ ಒಂದು ಕಾಟ. ಅದೆಷ್ಟು ಬಗೆ ಅಂತೀರಿ, ಎಲ್ಲಾ ಒಟ್ಟಿಗೆ ಎದ್ದು ಡ್ರೈವರ್‌ಗೆ ದಾರೀನೇ ಕಾಣ್ತಿಲ್ಲ."