ಬಾವಿಗಿಳಿದ ಕಳ್ಳ

"ಓದುವುದನ್ನು ನಿಲ್ಲಿಸಿ!" ಜಗಲಿಯ ಮೆಟ್ಟಿಲಲ್ಲೇ ಗುಡುಗಿದ ಭವಿತ್, ಹೆಗಲ ಮೇಲಿನ ಪಕ್ಷದ ಶಾಲು ಸರಿಮಾಡಿಕೊಂಡ. "ಕಾದಂಬರಿಯಲ್ಲಿ ನಮ್ಮ ಅಧ್ಯಕ್ಷರನ್ನೇ ಕಳ್ಳ ಮಾಡಿದ್ದೀರಂತೆ!"

ಪ್ರಕಾಶಕರು ಹೆದರಿ ವಾಪಸು ಕಳಿಸಿದ ತನ್ನ ಕಾದಂಬರಿಯನ್ನು ರಶೀನಾ ವೇಣೂರಿನ ಬೀಡಿ ಕಟ್ಟುವ ಹೆಂಗಸರಿಗೆ ದಿನಕ್ಕೊಂದು ಅಧ್ಯಾಯದಂತೆ ಓದಿ ಹೇಳುತ್ತಿದ್ದಳು. ಈಗ ಅವಳು ಓದು ನಿಲ್ಲಿಸಿದಳು. ಭವಿತನ ತಾಯಿ ಸರಸಕ್ಕ ಮಾತ್ರ ಮಡಿಲಲ್ಲಿನ ಬೀಡಿ ಎಲೆಯ ಗೆರಸೆಯಿಂದ ತಲೆ ಎತ್ತಲಿಲ್ಲ. "ಕಳ್ಳ ಈಗಷ್ಟೇ ಬಾವಿಗೆ ಇಳಿದದ್ದು ಮಾರಾಯ. ಅಧ್ಯಾಯ ಮುಗೀಲಿ, ಕೂತ್ಕೊ."

ಭವಿತ್ ಕೂತ. ರಶೀನಾ ಓದು ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಅವನ ಬೆರಳುಗಳು, ಶಾಲೆಯ ದಿನಗಳ ಅಭ್ಯಾಸದಂತೆ, ತಾಯಿಯ ಗೆರಸೆಯಿಂದ ಎಲೆ ತೆಗೆದು ತಾವಾಗಿ ಬೀಡಿ ಸುತ್ತತೊಡಗಿದವು. ಕಥೆಯಲ್ಲಿ ಬಾವಿಯ ಹಗ್ಗ ತುಂಡಾಯಿತು. ಅಧ್ಯಾಯ ಮುಗಿಯಿತೆಂದು ರಶೀನಾ ಹಸ್ತಪ್ರತಿ ಮಡಚಿದಳು.

ಅರ್ಧ ಸುತ್ತಿದ ಬೀಡಿ ಹಿಡಿದೇ ಭವಿತ್ ಎದ್ದು ನಿಂತ. "ನಿಲ್ಲಿಸಿದ್ದು ಯಾಕೆ? ಅಧ್ಯಕ್ಷರು ಇನ್ನೂ ಬಾವಿಯಲ್ಲೇ ಇದ್ದಾರಲ್ಲ!"