ಎರಡು ಬಿದಿರಿನ ಕೊಳವೆ

“ಪುಟ್ಟು ಮಾರೋರ ಮನೆ ಹುಡುಗಿ ಹೈಸ್ಕೂಲಿಗಂತೆ! ಅದೆಲ್ಲ ಆಗೂದಲ್ಲ,” ಎಂದವರು ನಮ್ಮ ಸೋದರಮಾವ. ನಾನು ಪದವಿ ಪಡೆದು ಎಷ್ಟೋ ವರ್ಷವಾಯಿತು. ಬಿಸಿ ಬಿದಿರಿನ ವಾಸನೆ ಬಂದರೆ ಈಗಲೂ ಹೊನ್ನಾವರದ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಪ್ಪ, ಅಮ್ಮ ಮಲಬಾರಿನಿಂದ ಬಂದು ಬಂದರಿನ ಹತ್ತಿರ ಹೋಟೆಲು ಇಟ್ಟಿದ್ದರು. ಅಕ್ಕಿಹಿಟ್ಟು, ಕಾಯಿತುರಿಯನ್ನು ಬಿದಿರಿನ ಕೊಳವೆಗೆ ತುಂಬಿ ಹಬೆಯಲ್ಲಿ ಬೇಯಿಸಿದರೆ ಪುಟ್ಟು. ಒಲೆ ಯಾರ ಕೈಗೆ ಹೋಗುತ್ತದೋ ಅವರಿಗೆ ಹೊಸ ಕೊಳವೆ ಕಡಿದು ಕೊಡುವುದು ನಮ್ಮ ಮನೆಯ ಪದ್ಧತಿ. ಅಮ್ಮನ ಉಬ್ಬಸ ಹೆಚ್ಚಾದ ಆ ವರ್ಷ ಅಪ್ಪ ಅಕ್ಕನಿಗೊಂದು, ನನಗೊಂದು ಕೊಳವೆ ಕಡಿದಿಟ್ಟಿದ್ದ.

ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಸರ್ಟಿಫಿಕೇಟು ಹಿಡಿದು ನಾನು ಬಂದಾಗ ಅಕ್ಕ ಕೈ ಸುಡದಿರಲೆಂದು ತನ್ನ ಕೊಳವೆಗೆ ಕತ್ತದ ಹಗ್ಗ ಸುತ್ತುತ್ತಿದ್ದಳು. ಶಾಲೆಯ ಮುಖ ಕಂಡವಳಲ್ಲ ಅವಳು.

“ಮತ್ತೆ ನಿನ್ನ ಕೊಳವೆಗೆ ಹಗ್ಗ ಯಾರು ಸುತ್ತೂದು, ಪಂಡಿತರೇ?” ಎಂದು ಮಾವ ನನ್ನತ್ತ ನೋಡಿ ನಕ್ಕರು.

ಸರ್ಟಿಫಿಕೇಟನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಸುರುಳಿ ಸುತ್ತಿ ನನ್ನ ಕೊಳವೆಯೊಳಗೆ ತೂರಿಸಿದಳು.

“ಇದಕ್ಕೆ ಇನ್ನು ಹಿಟ್ಟು ತುಂಬೂಕಾಗೂದಿಲ್ಲ ಮಾವ. ಒಲೆ ಮುಂದೆ ನಾ ಒಬ್ಬಳೇ ಸಾಕು.”